ಮೂರೂವರೆ ವರ್ಷ ಫ್ರೋಜನ್ ಇಲಿ ತರಿಸಿದ ಮೇಲೆ: ಲಿವರಿನಲ್ಲಿ ಸಿಕ್ಕ ಬಿಳಿ ಮಣಿ

ನಮ್ಮ ಕೆಂಪಿ ಕಾರ್ನ್ ಸ್ನೇಕ್, ಅಂದರೆ ವಿಷವಿಲ್ಲದ ಒಂದು ಸಾಕುಹಾವು. ಹೆಣ್ಣು, ಈಗ ಐದನೇ ವರ್ಷ ನಡೆಯುತ್ತಿದೆ. ಮೂರೂವರೆ ವರ್ಷದಿಂದ ಅವಳಿಗೆ ಒಂದೇ ಕಡೆಯಿಂದ ಫ್ರೋಜನ್ ಇಲಿ ತರಿಸುತ್ತಿದ್ದೇನೆ. ಪಿಂಕಿ, ಫಝಿ, ಹಾಪರ್ ಅಂತ ಇಲಿಮರಿಯ ವಯಸ್ಸಿನ ಮೇಲೆ ಹೇಳುವ ಸೈಜುಗಳೆಲ್ಲ ಹಾವು ಸಾಕುವವರಿಗೆ ಗೊತ್ತೇ ಇರುತ್ತವೆ, ಅದನ್ನು ಮತ್ತೆ ಬರೆಯಲ್ಲ. ಹೋದ ವರ್ಷದವರೆಗೆ ಯಾರಾದರೂ ಕೇಳಿದ್ದರೆ ಕಣ್ಣುಮುಚ್ಚಿ ಐದಕ್ಕೆ ಐದು ಕೊಡುತ್ತಿದ್ದೆ. ಈಗ ಮೂರೂವರೆ ಕೊಡುತ್ತೇನೆ. ಒಂದೂವರೆ ಯಾಕೆ ಹೋಯಿತು ಅಂತ ಹೇಳೋದಕ್ಕೇ ಇಷ್ಟು ಬರೆಯುತ್ತಿರೋದು.

ಮೊದಮೊದಲು ನಾನು ಜೀವಂತ ಇಲಿ ಕೊಡುತ್ತಿದ್ದೆ. ಆ ದಿನಗಳು ಬೇಡವೇ ಬೇಡ. ಇಲಿಗೂ ಹಿಂಸೆ, ನನಗೂ ಭಯ. ಮೂಲೆ ಸೇರಿದ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ, ಕಣ್ಣಿನ ಹತ್ತಿರ ಕಚ್ಚಿದರೆ ಕಥೆ ಮುಗಿದಂತೆ. ಒಂದು ಸಲ ಇಲಿ ತಂದ ಡಬ್ಬಿಯಿಂದ ನುಸಿ ಹತ್ತಿ ಎರಡು ವಾರ ಕೈ ತುಂಬ ಕೆಂಪು ಗುಳ್ಳೆ. ಹಾವಿನ ಚಿಪ್ಪಿನ ಸಂದಿಯಲ್ಲಿ, ಕಣ್ಣಿನ ಸುತ್ತ ಕೂರುವ ಕಪ್ಪು ನುಸಿ ಬೇರೆ ಜಾತಿ. ನನಗೆ ಹತ್ತಿದ್ದು ಇಲಿಯ ಗೂಡಿನಲ್ಲಿ ಬೆಳೆದು ಮನುಷ್ಯರನ್ನೂ ಕಚ್ಚುವ ಜಾತಿ. ಫ್ರೋಜನ್‌ಗೆ ಬದಲಾದ ಮೇಲೆ ಆ ಕಾಟ ಪೂರ್ತಿ ನಿಂತಿತು. ಅಷ್ಟು ಚಳಿಯಲ್ಲಿ ನುಸಿ ಬದುಕಲ್ಲ.

ಇನ್ನು ಊಟದ ದಿನದ ಸಂಭ್ರಮ. ಹನ್ನೆರಡು ದಿನಕ್ಕೊಮ್ಮೆ ಬರುವ ಈ ಸಂಜೆ ನನಗೆ ತುಂಬ ಇಷ್ಟ. ಹಿಂದಿನ ರಾತ್ರಿ ಫ್ರೀಜರಿನಿಂದ ಒಂದು ಇಲಿ ತೆಗೆದು ಜಿಪ್ ಚೀಲಕ್ಕೆ ಹಾಕಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ತಟ್ಟೆಗೆ ಸೇರಿಸುತ್ತೇನೆ. ಆ ಡಬ್ಬಿ ಅದಕ್ಕೇ ಮೀಸಲು. ಮಾರನೇ ಸಂಜೆ ಚೀಲದ ಸಮೇತ ಬಿಸಿನೀರಿಗೆ, ಸುಮಾರು 40 ಡಿಗ್ರಿ. ಮೈಕ್ರೋವೇವ್ ಮಾತ್ರ ಮುಟ್ಟಲ್ಲ. ಒಳಗೆ ಒಂದು ಕಡೆ ಬೆಂದು ಇನ್ನೊಂದು ಕಡೆ ಗಡ್ಡೆಯಾಗಿಯೇ ಇರುತ್ತದೆ, ಹೊಟ್ಟೆ ಒಡೆಯೋದೂ ಉಂಟು. ಇಪ್ಪತ್ತು ನಿಮಿಷದ ಮೇಲೆ ಹೊಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ. ಒಳಗೆ ಗಟ್ಟಿ ಉಳಿದಿದ್ದರೆ ಮತ್ತೆ ನೀರಿಗೆ. ಕೊನೆಗೆ ಟಿಶ್ಯೂನಲ್ಲಿ ಒರೆಸಿ, ಮೂಗಿನ ತುದಿಯನ್ನು ಇನ್ನೊಂದು ಚೂರು ಬೆಚ್ಚಗೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿಯುತ್ತೇನೆ.

ಅಷ್ಟರಲ್ಲಿ ಕೆಂಪಿ ಗೂಡಿನ ಬಾಯಿಗೆ ಬಂದಿರುತ್ತಾಳೆ. ನಾಲಿಗೆ ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ. ಕತ್ತು ಇಂಗ್ಲಿಷಿನ ಎಸ್ ತರಹ ಹಿಂದಕ್ಕೆ ಹೋಗುತ್ತದೆ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಇಕ್ಕಳ ಅಲುಗಾಡಿರುತ್ತದೆ, ಇಲಿ ಮೂರು ಸುತ್ತಿನ ಒಳಗಿರುತ್ತದೆ. ಸತ್ತ ಇಲಿ ಅಂತ ಗೊತ್ತಿದ್ದರೂ ಹಿಡಿತ ಸಡಿಲ ಮಾಡಲ್ಲ. ನುಂಗಿ ಆದ ಮೇಲೆ ದೊಡ್ಡದಾಗಿ ಆಕಳಿಸಿ ದವಡೆ ಸರಿ ಮಾಡಿಕೊಳ್ಳೋದು ನೋಡೋದಕ್ಕೇ ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಆಮೇಲೆ ಎರಡು ದಿನ ಅವಳನ್ನು ಎತ್ತಲ್ಲ.

ಎರಡೂವರೆ ವರ್ಷ ಹೀಗೇ ನಡೆಯಿತು. ಒಂದು ದಿನವೂ ವಾಂತಿ ಇಲ್ಲ, ಪೊರೆ ಬಿಟ್ಟರೆ ಮೂಗಿನಿಂದ ಬಾಲದ ತುದಿವರೆಗೆ ಒಂದೇ ತುಂಡು. ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸುವ ಅಭ್ಯಾಸ ಇದೆ ನನಗೆ. ಹೋದ ವರ್ಷದ ರಿಪೋರ್ಟಿನಲ್ಲಿ ಪಿನ್‌ವರ್ಮ್ ಅನ್ನೋ ಕರುಳಿನ ಸಣ್ಣ ಹುಳದ ಮೊಟ್ಟೆ ಇದೆ ಅಂತ ಬಂತು. ನನ್ನ ಎದೆ ಧಸಕ್ಕೆಂದಿತು. ಜಂತುಹುಳದ ಔಷಧಿ ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿದೆ.

ಅವರು ನನ್ನನ್ನೇ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಉದ್ದನೆಯ ಮೊಟ್ಟೆ, ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ, ಹೆಚ್ಚುಕಮ್ಮಿ ಬಾಳೆಹಣ್ಣಿನ ಆಕಾರ. "ಇದು ಸೈಫೇಸಿಯಾ. ನಿಮ್ಮ ಹಾವಿನ ಹುಳು ಅಲ್ಲ, ಅದು ತಿಂದ ಇಲಿಯ ಹುಳು. ಇಲಿ ಜೀರ್ಣ ಆಗುತ್ತೆ, ಈ ಮೊಟ್ಟೆ ಹಾಗೇ ಆಚೆ ಬರುತ್ತೆ ಅಷ್ಟೇ. ಔಷಧಿ ಬೇಡ. ಸ್ವಲ್ಪ ದಿನ ಬೇರೆ ಕಡೆಯ ಇಲಿ ಕೊಟ್ಟು ಮತ್ತೆ ಮಲ ತನ್ನಿ" ಅಂದರು. ಇಲಿಯ ಮೈನುಸಿ, ಅದರ ಲಾಡಿಹುಳದ ಮೊಟ್ಟೆ, ಕಾಕ್ಸಿಡಿಯಾ ಅನ್ನೋ ಕರುಳಿನ ಏಕಕೋಶ ಜೀವಿ, ಇವೂ ಹೀಗೇ ಹಾವಿನ ಮಲದಲ್ಲಿ ಕಾಣಿಸಿಕೊಳ್ಳುತ್ತವಂತೆ. ಕ್ರಿಪ್ಟೋಸ್ಪೋರಿಡಿಯಂ ಅನ್ನೋ ಇನ್ನೊಂದು ಸೂಕ್ಷ್ಮ ಪರಜೀವಿಯ ವಿಷಯದಲ್ಲಂತೂ ತುಂಬ ಹುಷಾರಾಗಿರಬೇಕು. ಹಾವಿನ ಜಠರ ಊದಿಸಿ, ತಿಂದದ್ದನ್ನು ಕಕ್ಕಿಸಿ, ಕೊನೆಗೆ ಕೊಲ್ಲುವ ಜಾತಿ ಒಂದು. ಇಲಿಯ ಹೊಟ್ಟೆಯಲ್ಲಿದ್ದು ಹಾವಿಗೆ ಏನೂ ಮಾಡದೆ ಹಾದುಹೋಗುವ ಜಾತಿ ಇನ್ನೊಂದು. ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಪಿಸಿಆರ್ ಅನ್ನೋ ಡಿಎನ್‌ಎ ಪರೀಕ್ಷೆ ಮಾಡಿಸದೆ ಯಾವುದು ಅಂತ ಹೇಳೋಕಾಗಲ್ಲ. ಯಾರಾದರೂ ಬರೀ ಸ್ಲೈಡ್ ನೋಡಿ ನಿಮ್ಮ ಹಾವಿಗೆ ಕ್ರಿಪ್ಟೋ ಬಂದಿದೆ ಅಂದರೆ, ದಯವಿಟ್ಟು ಆ ಒಂದು ಪರೀಕ್ಷೆ ಮಾಡಿಸಿ. ಗಾಬರಿಯಲ್ಲಿ ಹಾವನ್ನು ಕಳೆದುಕೊಳ್ಳಬೇಡಿ.

ಬೇರೆ ಕಡೆಯ ಇಲಿ ನಾಲ್ಕು ಕೊಟ್ಟೆ, ಮತ್ತೆ ಪರೀಕ್ಷೆ ಮಾಡಿಸಿದೆ. ಒಂದೂ ಮೊಟ್ಟೆ ಇಲ್ಲ. ಒಂದು ಹನಿ ಔಷಧಿ ಇಲ್ಲದೆ ವಿಷಯ ಅಲ್ಲಿಗೆ ಮುಗಿಯಿತು. ಸಾಕುವ ಇಲಿಗಳಲ್ಲಿ ಪಿನ್‌ವರ್ಮ್ ತೀರಾ ಸಾಮಾನ್ಯ, ಅದಕ್ಕೆ ಯಾರನ್ನೂ ದೂರುವುದು ಬೇಡ ಅಂದುಕೊಂಡು ಹಳೇ ಕಡೆಯಿಂದಲೇ ಮತ್ತೆ ತರಿಸಿದೆ.

ಆ ಪ್ಯಾಕಿನ ಮೂರನೇ ಇಲಿ. ದೊಡ್ಡ ಸೈಜು, ಮರಿ ಹಾಕಿ ಹಾಕಿ ಸೋತ ಹೆಣ್ಣು ಅಂತ ಕಾಣುತ್ತೆ. ಬಿಸಿನೀರಿನಿಂದ ತೆಗೆದು ಒರೆಸುವಾಗ ಹೊಟ್ಟೆಯ ಚರ್ಮ ಕಿತ್ತುಬಂತು. ಒಂದು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡಿದ ಇಲಿ ಹೀಗಾಗುತ್ತೆ ಅಂತ ಕೇಳಿದ್ದೆ, ಬೇಜಾರಾಯಿತು. ಎಸೆಯೋಣ ಅಂತ ನೋಡಿದರೆ ಕಪ್ಪುಗೆಂಪು ಲಿವರಿನ ಅಂಚಿನಲ್ಲಿ ಒಂದು ಬಿಳಿ ಮಣಿ. ಬಟಾಣಿಗಿಂತ ಚೂರು ಚಿಕ್ಕದು, ನುಣ್ಣಗೆ, ಮುತ್ತಿನ ಹಾಗೆ. ಪಕ್ಕದಲ್ಲಿ ಇನ್ನೊಂದು, ಸಾಸಿವೆಯಷ್ಟು. ಕೀವಿನ ಗಂಟು ಅಂದುಕೊಂಡೆ. ಗ್ಲೌಸ್ ಹಾಕಿ ಒತ್ತಿದರೆ ಕೀವಲ್ಲ, ಒಳಗೆ ಏನೋ ಸುರುಳಿ ಇದ್ದಂತಿತ್ತು. ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋದೆ.

ಅವರು ಸೂಜಿಯಲ್ಲಿ ಪೊರೆ ಬಿಡಿಸಿದರು. ಒಳಗಿಂದ ಬೆಳ್ಳಗಿನ ಪಟ್ಟಿ ಬಿಚ್ಚುತ್ತಾ ಬಂತು, ಪೈಜಾಮದ ಲಾಡಿಯನ್ನು ಮಡಚಿ ಮಡಚಿ ತುರುಕಿಟ್ಟ ಹಾಗೆ. ಲಾಡಿಹುಳದ ಮರಿ ಅದು. ಟೀನಿಯಾ ಟೀನಿಯಾಫಾರ್ಮಿಸ್ ಅಂತ ಹೆಸರು. ಅದು ದೊಡ್ಡದಾಗೋದು ಬೆಕ್ಕಿನ ಕರುಳಿನಲ್ಲಿ. ಬೆಕ್ಕಿನ ಹೇಲಿನಲ್ಲಿ ಬಂದ ಮೊಟ್ಟೆಯನ್ನು ಇಲಿ ತಿಂದರೆ, ಮರಿ ಇಲಿಯ ಲಿವರಿನಲ್ಲಿ ಗೂಡು ಕಟ್ಟಿಕೊಂಡು ಬೆಕ್ಕು ಬಂದು ತಿನ್ನಲಿ ಅಂತ ಕಾಯುತ್ತದೆ. ಫ್ರೀಜರಿನಲ್ಲಿ ಸತ್ತೇ ಹೋಗಿತ್ತು. ಬದುಕಿದ್ದರೂ ಹಾವು ಅದಕ್ಕೆ ಬೇಕಾದ ಪ್ರಾಣಿ ಅಲ್ಲ.

ಹಾಗಾದರೆ ಕೋಪ ಯಾಕೆ? ಗೂಡಿನೊಳಗೆ ಹುಟ್ಟಿ ಗೂಡಿನೊಳಗೇ ಬೆಳೆದ ಇಲಿಗೆ ಬೆಕ್ಕಿನ ಹೇಲು ಹೇಗೆ ಸಿಕ್ಕಿತು, ಅದಕ್ಕೆ. ಅವುಗಳ ಕಾಳಿಗೋ ಹಾಸುವ ಹೊಟ್ಟಿಗೋ ಬೆಕ್ಕು ಬಂದು ಹೋಗುತ್ತಿದೆ ಅಂತ ತಾನೇ ಅರ್ಥ? ಬೆಕ್ಕು ಬರುವ ಕಡೆಗೆ ಹೊರಗಿನ ಇಲಿಯೂ ಬರಬಹುದು. ಅದರ ಜೊತೆ ಇನ್ನೇನು ಬರುತ್ತೆ ಯಾರಿಗೆ ಗೊತ್ತು. ಫ್ರೀಜರ್ ಹುಳು, ನುಸಿಯನ್ನು ಬಹುಮಟ್ಟಿಗೆ ಸಾಯಿಸುತ್ತದೆ, ಸರಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಸಾಯಿಸಲ್ಲ. 2014ರಲ್ಲಿ ಅಮೆರಿಕದಲ್ಲಿ ಹಾವಿಗೆ ಅಂತ ಮಾರಿದ ಫ್ರೋಜನ್ ಇಲಿಗಳಿಂದಲೇ ಜನರಿಗೆ ಸಾಲ್ಮೊನೆಲ್ಲಾ ಹರಡಿತ್ತು. ಹಾವು ಆರಾಮಾಗಿರುತ್ತೆ, ಇಲಿ ಮುಟ್ಟಿದ ಕೈ ಸರಿಯಾಗಿ ತೊಳೆಯದ ನಾವು, ನಮ್ಮ ಮಕ್ಕಳು ಹಾಸಿಗೆ ಹಿಡಿಯುತ್ತೇವೆ.

ಇಲಿ ಕಳಿಸುವವರಿಗೆ ಫೋನ್ ಮಾಡಿದೆ. "ಹಾವಿಗೆ ಏನೂ ಆಗಲ್ಲ ಬಿಡಿ ಸಾರ್" ಅಂದರು. ಹಾವಿಗೆ ಆಗಲ್ಲ ಅಂತ ನನಗೂ ಗೊತ್ತು. ಇಲಿ ಹೇಗೆ ಬದುಕಿತ್ತು ಅಂತ ಕೇಳಿದರೆ ಅದು ಉತ್ತರ ಅಲ್ಲ. ಪ್ಯಾಕಿನ ಮೇಲೆ ಫ್ರೀಜ್ ಮಾಡಿದ ತಾರೀಖು ಯಾಕಿಲ್ಲ ಅಂತ ಕೇಳಿದ್ದಕ್ಕೂ ಸುಮ್ನೆ ಹೂಂಗುಟ್ಟಿದರು. ಒಂದೂವರೆ ನಕ್ಷತ್ರ ಹೋಗಿದ್ದು ಆ ಫೋನಿನಲ್ಲಿ.

ಎರಡು ವಾರದ ಮೇಲೆ ಅವರೇ ತಿರುಗಿ ಫೋನ್ ಮಾಡಿದರು. ನಾನು ನಿರೀಕ್ಷಿಸಿರಲಿಲ್ಲ. ನಾನು ಕಳಿಸಿದ ಫೋಟೋ ನೋಡಿ ನಾಲ್ಕು ಮುದಿ ಇಲಿ ಕೊಯ್ದು ನೋಡಿದರಂತೆ, ಎರಡರಲ್ಲಿ ಅದೇ ಮಣಿ. ಹೊಟ್ಟಿನ ಮೂಟೆ ಇಡುವ ಶೆಡ್ಡಿಗೆ ಬಾಗಿಲೇ ಇರಲಿಲ್ಲವಂತೆ, ಬೆಕ್ಕು ಅಲ್ಲೇ ಮರಿ ಹಾಕಿತ್ತಂತೆ. ಬಾಗಿಲು ಹಾಕಿಸಿದ್ದೇವೆ, ಹಳೇ ಹೊಟ್ಟು ಎಸೆದಿದ್ದೇವೆ ಅಂದರು. ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು.

ಈಗಲೂ ಅಲ್ಲಿಂದಲೇ ತರಿಸುತ್ತೇನೆ, ಎರಡು ಬದಲಾವಣೆ ಮಾಡಿಕೊಂಡು. ಮುದಿ ಇಲಿ ಬೇಡ ಅಂತ ಹೇಳಿದ್ದೇನೆ. ಲಿವರಿನಲ್ಲಿ ಹುಳದ ಆ ಗೂಡು ಬೆಳೆಯೋಕೆ ವಾರಗಟ್ಟಲೆ ಬೇಕು, ಎಳೆಯ ಇಲಿಯಲ್ಲಿ ಸಿಗೋದು ಕಡಿಮೆ. ದೊಡ್ಡದು ಒಂದರ ಬದಲು ಚಿಕ್ಕವು ಎರಡು ಕೊಡುತ್ತೇನೆ, ಖರ್ಚು ಸ್ವಲ್ಪ ಜಾಸ್ತಿ, ಕೆಂಪಿಗೆ ಎರಡು ಸಲ ಹಿಡಿಯುವ ಖುಷಿ. ಹೊಸ ಪ್ಯಾಕ್ ಬಂದರೆ ನನ್ನ ಫ್ರೀಜರಿನಲ್ಲಿ ಒಂದು ತಿಂಗಳು -18 ಡಿಗ್ರಿಯಲ್ಲಿ ಇಟ್ಟ ಮೇಲೇ ತೆಗೆಯೋದು. ಪ್ರತಿ ಪ್ಯಾಕಿನಲ್ಲಿ ಒಂದು ಇಲಿಯನ್ನು ಕೊಯ್ದು ಲಿವರ್ ನೋಡುತ್ತೇನೆ. ಇದುವರೆಗೆ ಐದು ನೋಡಿದೆ, ಐದೂ ನುಣುಪು, ಒಂದೇ ಬಣ್ಣ.

ಹೋದ ವಾರ ಬಂದ ಪ್ಯಾಕಿನ ಮೂಲೆಯಲ್ಲಿ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದಿತ್ತು.