ಕಪ್ಪೆ-ಹದ್ದು ಮಾಡೆಲ್ ಸೆಟ್: ಕಪ್ಪೆಗೆ 5 ಸ್ಟಾರ್, ಹದ್ದಿಗೆ 2

ಮಗಳಿಗೆ ಉಭಯವಾಸಿ ಯಾವ್ದು, ಪಕ್ಷಿಗೂ ಅದಕ್ಕೂ ಒಳಗಡೆ ಏನ್ ವ್ಯತ್ಯಾಸ ಅಂತ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈ ಸೆಟ್ ತರಿಸ್ದೆ. ಒಂದು ಕಪ್ಪೆ, ಒಂದು ಹದ್ದು, ಮುಂಭಾಗ ಮುಚ್ಚಳದ ತರ ತೆಗೆದ್ರೆ ಒಳಗಿನ ಅಂಗ ಎಲ್ಲ ಬಿಚ್ಚಿ ಜೋಡಿಸ್ಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿ ಅಂತ ಡಬ್ಬದ ಮೇಲೇ ಬರ್ದಿದಾರೆ, ಹೋಲಿಸಿದ್ದಕ್ಕೇ ಬಣ್ಣ ಬಯಲಾಗಿದ್ದು.

ಕಪ್ಪೆ ಬಗ್ಗೆ ಎರಡು ಮಾತಿಲ್ಲ. ಮುಂಗಾಲಿಗೆ 4 ಬೆರಳು ಹಿಂಗಾಲಿಗೆ 5, ನಾಲಿಗೆ ಬಾಯಿಯ ಮುಂಭಾಗಕ್ಕೇ ಅಂಟ್ಕೊಂಡಿದೆ, ನಿಜವಾದ ಕಪ್ಪೇದೂ ಹಾಗೇ, ಅದಕ್ಕೇ ಅದು ನಾಲಿಗೇನ ಹುಳದ ಮೇಲೆ ಹಾಗೆ ಎಸೆಯೋದು. ಕಣ್ಣುಗುಡ್ಡೆ ಒತ್ತಿದ್ರೆ ಒಳಕ್ಕೆ ಹೋಯ್ತು, ಡಿಫೆಕ್ಟ್ ಪೀಸ್ ಅನ್ಕೊಂಡು ರಿಟರ್ನ್ ಮಾಡೋಕೆ ಹೊರಟಿದ್ದೆ, ಆಮೇಲೆ ನೆನಪಾಯ್ತು ಕಪ್ಪೆ ನುಂಗುವಾಗ ಕಣ್ಣನ್ನೇ ಒಳಗೆಳ್ಕೊಂಡು ತುತ್ತನ್ನ ಗಂಟಲಿಗೆ ತಳ್ಳತ್ತೆ ಅಂತ. ಮಾಡ್ದೋರು ಯಾರೋ ಕಪ್ಪೇನ ಪ್ರೀತಿಯಿಂದ ನೋಡಿದಾರೆ.

ಹದ್ದು ಹೊರಗಿಂದ ಚೆನ್ನಾಗಿದೆ, ಕೊಕ್ಕಿನ ಕೊಕ್ಕೆ, ಉಗುರು, ಮುಂದೆ 3 ಹಿಂದೆ 1 ಬೆರಳು ಎಲ್ಲ ಸರಿ. ಆದ್ರೆ ಹೃದಯ ತೆಗೆದು ಕಪ್ಪೇದರ ಪಕ್ಕ ಇಟ್ರೆ ಎರಡೂ ಒಂದೇ ಅಚ್ಚು! ಮೂರೇ ಕೋಣೆ! ಕಪ್ಪೆಗೆ ಮೇಲೆ ಎರಡು ಕೆಳಗೆ ಒಂದು ಸಾಕು, ಒಳ್ಳೆ ರಕ್ತ ಕೆಟ್ಟ ರಕ್ತ ಸ್ವಲ್ಪ ಬೆರೆತ್ರೂ ನಡೆಯತ್ತೆ, ಚರ್ಮದಲ್ಲೂ ಉಸಿರಾಡತ್ತೆ, ಮೈ ಬಿಸಿಯಾಗಿಟ್ಕೊಳ್ಳೋ ಖರ್ಚೂ ಇಲ್ಲ. ಹದ್ದು ಮೈನ 40 ಡಿಗ್ರಿ ಆಸುಪಾಸಲ್ಲಿ ಇಟ್ಕೊಂಡು ರೆಕ್ಕೆ ಬಡೀಬೇಕು, ಅದಕ್ಕೆ ರಕ್ತ ಬೆರೆಯದೆ ಇರೋ 4 ಕೋಣೆ ಬೇಕೇಬೇಕು. ಈ ಎರಡು ಪ್ರಾಣಿ ಹೋಲಿಸೋದ್ರಲ್ಲಿ ಮುಖ್ಯ ಪಾಠವೇ ಅದಲ್ವಾ, ಅಲ್ಲೇ ಅಚ್ಚಿನ ಕಾಸು ಉಳ್ಸಿದಾರೆ. ಶ್ವಾಸಕೋಶದ ಜೊತೆ ಇರ್ಬೇಕಾದ ಗಾಳಿಚೀಲಗಳೂ ನಾಪತ್ತೆ. ಜೊತೆಗೆ ಕೊಟ್ಟ ಕಾರ್ಡಲ್ಲಿ ಗಂಡು ಹದ್ದೇ ದೊಡ್ಡದು ಅಂತ ಬೇರೆ ಇದೆ, ಬೇಟೆ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು ಸ್ವಾಮಿ.

ಕಸ್ಟಮರ್ ಕೇರ್‌ಗೆ ಹೇಳಿದ್ರೆ "ಮಕ್ಕಳ ಆಟಿಕೆ ಅಲ್ವಾ ಸರ್" ಅಂದ್ರು. ಹಾಗಾದ್ರೆ ಸೈನ್ಸ್ ಕಿಟ್ ಅಂತ ಯಾಕೆ ಮಾರ್ತೀರಪ್ಪಾ.

ಕಪ್ಪೆ ಒಂದನ್ನೇ ಬಿಡಿಯಾಗಿ ಕೊಟ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ. ನಮ್ಮನೇಲಿ ಮಗಳು ಹದ್ದಿನ ಹೃದಯಕ್ಕೆ ಕೆಂಪು ಕ್ಲೇಲಿ ನಾಲ್ಕನೇ ಕೋಣೆ ಮೆತ್ತಿದಾಳೆ, ಅದ್ರಿಂದ ಮುಚ್ಚಳ ಸರಿಯಾಗಿ ಕೂರ್ತಿಲ್ಲ, ರಬ್ಬರ್ ಬ್ಯಾಂಡ್ ಹಾಕಿಟ್ಟಿದೀವಿ.