ನೆರಳು ಯಾವ ಕಡೆ ಬಿದ್ದಿದೆ? ಹೈರೈಸ್ ಮಂಗಳ ಚಿತ್ರಗಳನ್ನು ಮೂರು ವರ್ಷ ನೋಡಿದ ಮೇಲೆ

ನಾನು ಎಕ್ಸ್‌ರೇ ತೆಗೆಯುವವಳು. ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಫಿಲ್ಮ್ ಹೋಗಿ ಡಿಜಿಟಲ್ ಬಂತು, ಆದರೆ ಒಂದು ಅಭ್ಯಾಸ ಬದಲಾಗಿಲ್ಲ. ಚಿತ್ರ ಪರದೆಗೆ ಬಂದ ಕೂಡಲೇ ನಾನು ಮೊದಲು ಮೂಳೆ ನೋಡುವುದಿಲ್ಲ. ಮೂಲೆಯಲ್ಲಿರುವ ಮಾರ್ಕರ್ ನೋಡುತ್ತೇನೆ. ಎಡವೋ, ಬಲವೋ? ಯಾರದು? ಯಾವತ್ತಿನದು? ಅದು ಗೊತ್ತಾಗದೆ ಚಿತ್ರ ಓದಲು ಹೋದರೆ ತಪ್ಪು ಕೈಗೆ ಕಟ್ಟು ಬೀಳುತ್ತದೆ.

ಮೂರು ವರ್ಷದ ಹಿಂದೆ ಅಕ್ಕನ ಮಗ ಒಂದು ವಿಡಿಯೊ ತಂದು ತೋರಿಸಿದ. "ಚಿಕ್ಕಮ್ಮ, ನೀನು ದಿನಾ ನೆರಳು ನೋಡ್ತೀಯಲ್ಲ, ಇದು ಏನು ಹೇಳು" ಎಂದ. ಮಂಗಳದ ನೆಲದ ಮೇಲೆ ಗಾಜಿನ ಕೊಳವೆಗಳಂತೆ. ಒಂದು ದೊಡ್ಡ ಪೈಪು, ಅದರ ಸುತ್ತ ಪಕ್ಕೆಲುಬಿನ ಹಾಗೆ ಸಾಲು ಸಾಲು ಬಳೆಗಳು. ನೋಡಿದರೆ ನಿಜಕ್ಕೂ ಯಾರೋ ಕಟ್ಟಿದ ಹಾಗೇ ಇತ್ತು. ನನಗೆ ಹೊಳೆದದ್ದು ಒಂದೇ. ಈ ಚಿತ್ರಕ್ಕೆ ಮಾರ್ಕರ್ ಇಲ್ಲ. ಬೆಳಕು ಎಲ್ಲಿಂದ ಬಂತು, ಅಳತೆ ಎಷ್ಟು, ಅಕ್ಕಪಕ್ಕ ಏನಿದೆ, ಯಾವುದೂ ಇಲ್ಲ.

ಅದರ ಮೂಲ ಹುಡುಕಿ ಹೊರಟವಳು ಹೈರೈಸ್ ಚಿತ್ರಗಳ ತಾಣಕ್ಕೆ ಬಂದು ನಿಂತೆ. ಇವತ್ತಿಗೂ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು, ನಿದ್ದೆ ಬರುವ ತನಕ ಅದನ್ನೇ ನೋಡುತ್ತೇನೆ. ಅದರ ಬಗ್ಗೆಯೇ ಈ ಬರಹ.

ಹೈರೈಸ್ ಎಂದರೆ ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್ ಎಂಬ ನಾಸಾ ನೌಕೆಯಲ್ಲಿರುವ ಕ್ಯಾಮೆರಾ. ನೌಕೆ 2005ರ ಆಗಸ್ಟ್‌ನಲ್ಲಿ ಹೊರಟು 2006ರ ಮಾರ್ಚ್‌ನಲ್ಲಿ ಮಂಗಳದ ಕಕ್ಷೆ ಸೇರಿತು. ಕ್ಯಾಮೆರಾವನ್ನು ನಡೆಸುವುದು ಅರಿಜೋನಾ ವಿಶ್ವವಿದ್ಯಾಲಯ. ಅರ್ಧ ಮೀಟರ್ ಅಗಲದ ಕನ್ನಡಿ. ಸುಮಾರು 300 ಕಿಲೋಮೀಟರ್ ಮೇಲಿಂದ ನೋಡಿದರೂ ಒಂದು ಪಿಕ್ಸೆಲ್‌ಗೆ 25ರಿಂದ 30 ಸೆಂಟಿಮೀಟರ್. ಅಂದರೆ ಒಂದು ಮೇಜಿನಷ್ಟು ದೊಡ್ಡ ಬಂಡೆ ಇದ್ದರೆ ಕಾಣುತ್ತದೆ. ಚಿತ್ರಗಳು ಎಲ್ಲರಿಗೂ ಉಚಿತ. ಖಾತೆ ತೆರೆಯುವುದೂ ಬೇಡ. 2025ರ ಅಕ್ಟೋಬರ್‌ನಲ್ಲಿ ತೆಗೆದದ್ದು ಒಂದು ಲಕ್ಷನೇ ಚಿತ್ರ.

ಈಗ ಆ ಗಾಜಿನ ಕೊಳವೆಗೆ ಬರೋಣ. ಆ ಹಳೆಯ ಚಿತ್ರ ತೆಗೆದದ್ದು ಹೈರೈಸ್ ಅಲ್ಲ, ಅದಕ್ಕೂ ಮುಂಚಿನ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ. ಆದರೆ ಅದೇ ಬಗೆಯ ಜಾಗಗಳು ಹೈರೈಸ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ದೊಡ್ಡದು ಮಾಡಿ ನೋಡಿದೆ. ಅದು ಪೈಪಲ್ಲ, ಕಣಿವೆ. ಬಳೆಗಳಲ್ಲ, ಕಣಿವೆಯ ತಳದಲ್ಲಿ ಗಾಳಿ ಎಬ್ಬಿಸಿದ ಮರಳಿನ ಏಣುಗಳು. ತಗ್ಗನ್ನು ನಮ್ಮ ಮಿದುಳು ಉಬ್ಬು ಎಂದು ಓದಿದೆ, ಅಷ್ಟೇ.

ಯಾಕೆ ಹಾಗೆ ಓದುತ್ತದೆ? ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಕಣ್ಣು ಹುಟ್ಟಿದಾಗಿನಿಂದ ನಂಬಿದೆ. ಈ ನೌಕೆ ಮಂಗಳದ ಹೆಚ್ಚಿನ ಜಾಗಗಳ ಮೇಲೆ ಹಾಯುವುದು ಅಲ್ಲಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ. ಆಗ ಸೂರ್ಯ ಪಶ್ಚಿಮಕ್ಕೆ ಇಳಿದಿರುತ್ತಾನೆ. ನಕ್ಷೆಗೆ ಹೊಂದಿಸಿದ ಚಿತ್ರದಲ್ಲಿ ಉತ್ತರ ಮೇಲಿರುತ್ತದೆ, ಹಾಗಾಗಿ ಬೆಳಕು ಎಡದಿಂದ. ಇದನ್ನು ಒಮ್ಮೆ ಮನಸ್ಸಿಗೆ ಹಾಕಿಕೊಂಡರೆ ಸಾಕು. ಎಡಗಡೆಯ ಒಳಗೋಡೆ ಕಪ್ಪಾಗಿದ್ದರೆ ಕುಳಿ. ಬಲಗಡೆ ಕಪ್ಪಾಗಿದ್ದರೆ ಗುಡ್ಡ. ಧ್ರುವಗಳ ಹತ್ತಿರ ಈ ಲೆಕ್ಕ ಕೆಲಸ ಮಾಡುವುದಿಲ್ಲ, ಅಲ್ಲಿ ಸೂರ್ಯ ಯಾವ ದಿಕ್ಕಿನಲ್ಲಾದರೂ ಇರಬಹುದು. ಆದರೆ ಪ್ರತಿ ಚಿತ್ರದ ಪುಟದಲ್ಲೂ ಸೂರ್ಯನ ಕೋನ, ಅಕ್ಷಾಂಶ, ರೇಖಾಂಶ, ತಾರೀಖು, ಪಿಕ್ಸೆಲ್ ಅಳತೆ ಎಲ್ಲ ಬರೆದಿರುತ್ತದೆ. ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಗುಣ ಇದೇ. ಚಿತ್ರದ ಚೆಂದಕ್ಕಿಂತ ಜಾಸ್ತಿ, ಅದರ ಮಾರ್ಕರ್ ಜೊತೆಗೇ ಇರುತ್ತದೆ.

ಚಿತ್ರದ ಹೆಸರೂ ಒಂದು ಮಾರ್ಕರ್ರೇ. ಮೊದಲು ನೋಡಿದಾಗ ಸುಮ್ನೆ ನಂಬರು ಅನಿಸುತ್ತದೆ. ಇಎಸ್‌ಪಿ_076769_1380 ಎಂಬುದನ್ನು ತೆಗೆದುಕೊಳ್ಳಿ. ನಡುವಿನ ಸಂಖ್ಯೆ ನೌಕೆ ಎಷ್ಟನೇ ಸುತ್ತಿನಲ್ಲಿತ್ತು ಎನ್ನುವುದು. ಕೊನೆಯದು ಜಾಗ. 1380 ಎಂದರೆ 138.0. ಅದರಿಂದ 180 ಕಳೆಯಿರಿ, ಮೈನಸ್ 42. ಅಂದರೆ ದಕ್ಷಿಣಕ್ಕೆ ಸುಮಾರು 42 ಡಿಗ್ರಿ. ಇದು ಗೊತ್ತಾದ ದಿನ ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದೆ. ಈಗ ಅವನು ಪುಟ ತೆರೆಯುವ ಮೊದಲೇ ಉತ್ತರವೋ ದಕ್ಷಿಣವೋ ಹೇಳುತ್ತಾನೆ.

ಆ ನಂಬರಿನ ಚಿತ್ರವೇ ಹೆಸರಾದ ಕರಡಿ ಮುಖ. 2022ರ ಡಿಸೆಂಬರ್‌ನಲ್ಲಿ ತೆಗೆದದ್ದು. ಎರಡು ಕುಳಿಗಳು ಕಣ್ಣು, ವಿ ಆಕಾರದಲ್ಲಿ ಕುಸಿದ ಒಂದು ದಿಬ್ಬ ಮೂಗು, ಸುತ್ತ ಒಂದು ದುಂಡನೆಯ ಬಿರುಕು ತಲೆ. ಸುಮಾರು ಎರಡು ಕಿಲೋಮೀಟರ್ ಅಗಲ. ಆ ದುಂಡು ಬಿರುಕು ಹೂತುಹೋದ ಹಳೆಯ ಕುಳಿಯ ಮೇಲೆ ಮಣ್ಣು ತಗ್ಗಿದ್ದರಿಂದ ಆಗಿರಬಹುದು, ಮೂಗಿನ ಜಾಗದಲ್ಲಿ ಲಾವಾ ಅಥವಾ ಕೆಸರು ಉಕ್ಕಿದ ಬಾಯಿ ಇದ್ದಿರಬಹುದು ಎಂದು ವಿಜ್ಞಾನಿಗಳೇ ಚಿತ್ರದ ಕೆಳಗೆ ಬರೆದಿದ್ದಾರೆ. ಈ ಟಿಪ್ಪಣಿಗಳು ನನಗೆ ತುಂಬ ಇಷ್ಟ. ಚಿಕ್ಕವು, ಗೊತ್ತಿರುವಷ್ಟೇ ಹೇಳುತ್ತವೆ. "ಇರಬಹುದು" ಎನ್ನುವ ಕಡೆ "ಇದೆ" ಎನ್ನುವುದಿಲ್ಲ. ನಮ್ಮಲ್ಲಿ ಒಳ್ಳೆಯ ರೇಡಿಯಾಲಜಿಸ್ಟ್ ಬರೆಯುವ ರಿಪೋರ್ಟ್ ಹಾಗೇ ಇರುತ್ತದೆ.

ಮಂಗಳದ ಸೈಡೋನಿಯಾ ಎಂಬ ಜಾಗದಲ್ಲಿ ಕಂಡ ಮನುಷ್ಯ ಮುಖದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹಾಗಾಗಿ ಎರಡು ಮಾತು. 1976ರ ಜುಲೈನಲ್ಲಿ ವೈಕಿಂಗ್ 1 ಎಂಬ ನಾಸಾ ನೌಕೆ ತೆಗೆದ ಚಿತ್ರ ಅದು. ಒಂದು ಪಿಕ್ಸೆಲ್‌ಗೆ ಸುಮಾರು 50 ಮೀಟರ್, ಸೂರ್ಯ ತೀರಾ ಕೆಳಗೆ, ಮುಖದ ಅರ್ಧ ನೆರಳಿನಲ್ಲಿ. ಮೂಗಿನ ಹೊಳ್ಳೆಯಂತೆ ಕಾಣುವ ಕಪ್ಪು ಚುಕ್ಕೆ ನೆಲದ ಮೇಲೆ ಇದ್ದದ್ದೇ ಅಲ್ಲ. ಭೂಮಿಗೆ ಕಳಿಸುವಾಗ ತಪ್ಪಿಹೋದ ಡೇಟಾ. ಇಂಥದ್ದನ್ನು ನಾವು ಆರ್ಟಿಫ್ಯಾಕ್ಟ್ ಎನ್ನುತ್ತೇವೆ. ಎಕ್ಸ್‌ರೇ ಫಿಲ್ಮ್ ಇಡುವ ಕ್ಯಾಸೆಟ್‌ನಲ್ಲಿ ಒಂದು ದೂಳಿನ ಕಣ ಕೂತರೂ ಶ್ವಾಸಕೋಶದಲ್ಲಿ ಗಂಟಿನ ಹಾಗೆ ಕಾಣುತ್ತದೆ, ಮನೆಯವರು ಒಂದು ರಾತ್ರಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಆಗ ಇನ್ನೊಂದು ಸಲ ತೆಗೆಯಬೇಕು. ಸೈಡೋನಿಯಾವನ್ನೂ 1998ರಲ್ಲಿ, 2001ರಲ್ಲಿ ಮತ್ತೆ ತೆಗೆದರು, ಆಮೇಲೆ ಹೈರೈಸ್ ಕೂಡ ತೆಗೆಯಿತು. ಸವೆದ ಒಂದು ಗುಡ್ಡ.

ನನ್ನನ್ನು ಹಿಡಿದು ಕೂರಿಸಿದ್ದು ಮುಖಗಳಲ್ಲ, ದಕ್ಷಿಣ ಧ್ರುವದ ಜೇಡಗಳು. ಕಪ್ಪು ಕಾಲುಗಳು ಒಂದು ನಡುವಿನಿಂದ ಎಲ್ಲ ಕಡೆಗೂ ಹರಡಿಕೊಂಡಿರುತ್ತವೆ. ಕೆಲವು ಒಂದು ಕಿಲೋಮೀಟರ್‌ಗಿಂತ ದೊಡ್ಡವು. ಹಳೆಯ, ಅಷ್ಟು ಸ್ಪಷ್ಟವಲ್ಲದ ಚಿತ್ರಗಳಲ್ಲಿ ಇವನ್ನು ನೋಡಿ ಆಲದ ಮರಗಳಿರಬಹುದು ಎಂದುಕೊಂಡವರಿದ್ದರು. ಋತುವಿಗೆ ತಕ್ಕಂತೆ ಬದಲಾಗುತ್ತಿದ್ದವಲ್ಲ, ಅದಕ್ಕೆ. ನಿಜ ಸಂಗತಿ ಅದಕ್ಕಿಂತ ಚೆನ್ನಾಗಿದೆ. ಚಳಿಗಾಲದಲ್ಲಿ ಅಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡೇ ಹೆಪ್ಪುಗಟ್ಟಿ ನೆಲದ ಮೇಲೆ ಹಲಗೆಯಾಗಿ ಕೂರುತ್ತದೆ. ವಸಂತದಲ್ಲಿ ಬಿಸಿಲು ಆ ಹಲಗೆಯ ಮೂಲಕ ಹಾದು ಕೆಳಗಿನ ಮಣ್ಣನ್ನು ಕಾಯಿಸುತ್ತದೆ. ಐಸ್ ಕೆಳಗಿನಿಂದ ನೇರ ಅನಿಲವಾಗುತ್ತದೆ. ಅನಿಲಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಒತ್ತಡ ಹೆಚ್ಚಿ ಎಲ್ಲೋ ಒಂದು ಕಡೆ ಹಲಗೆ ಸೀಳುತ್ತದೆ, ಅನಿಲ ಮಣ್ಣನ್ನು ಹೊತ್ತುಕೊಂಡು ಚಿಮ್ಮುತ್ತದೆ. ಆ ಬಾಯಿಯ ಕಡೆಗೆ ನುಗ್ಗುವಾಗ ನೆಲವನ್ನು ಕೊರೆದ ಗುರುತುಗಳೇ ಕಾಲುಗಳು. ಮೇಲೆ ಬಿದ್ದ ಮಣ್ಣು ಗಾಳಿ ಬೀಸಿದ ಕಡೆಗೆ ಬೀಸಣಿಗೆಯ ಆಕಾರದಲ್ಲಿ ಹರಡುತ್ತದೆ. 2024ರಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಇದರ ಪುಟ್ಟ ರೂಪವನ್ನು ಪ್ರಯೋಗಾಲಯದ ಕೋಣೆಯೊಳಗೇ ಮಾಡಿ ನೋಡಿದರು.

ಇದನ್ನು ಒಂದೇ ಚಿತ್ರದಲ್ಲಿ ನೋಡಬೇಡಿ. ಒಂದೇ ಜಾಗವನ್ನು ವಸಂತದ ಉದ್ದಕ್ಕೂ ಹಲವು ಸಲ ತೆಗೆದಿದ್ದಾರೆ. ಆ ಸರಣಿಯನ್ನು ಸಾಲಾಗಿ ತೆರೆಯಿರಿ. ಮೊದಲು ಬೋಳು ಹಿಮ, ಆಮೇಲೆ ಒಂದೊಂದೇ ಕಪ್ಪು ಚುಕ್ಕೆ, ಆಮೇಲೆ ಬೀಸಣಿಗೆಗಳು, ಕೊನೆಗೆ ಎಲ್ಲ ಮಾಸಿ ಬರೀ ಕಾಲುಗಳು. ಮೂಳೆ ಕೂಡುವುದನ್ನು ವಾರವಾರ ತೆಗೆದ ಎಕ್ಸ್‌ರೇಗಳಲ್ಲಿ ನೋಡುವಾಗ ಆಗುವ ಸಂತೋಷವೇ ನನಗೆ ಇಲ್ಲಿ ಆಯಿತು.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಡುವುದು ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ. ದಕ್ಷಿಣ ಧ್ರುವದಲ್ಲಿ ನಗುವ ಮುಖದಂಥ ಒಂದು ಕುಳಿ ಇದೆ. 2011ರ ಚಿತ್ರದಲ್ಲಿ ಮೂಗಿನ ಜಾಗದಲ್ಲಿ ಎರಡು ದುಂಡು ತಗ್ಗು. 2020ರಲ್ಲಿ ಅವು ಬೆಳೆದು ಒಂದಾಗಿವೆ, ಬಾಯಿಯೂ ದೊಡ್ಡದಾಗಿದೆ. ಕಾರ್ಬನ್ ಡೈಆಕ್ಸೈಡ್ ಐಸ್ ಬಿಸಿಲಿಗೆ ಕರಗದೆ ಆವಿಯಾಗಿ ಹೋಗುತ್ತಿದೆ.

ಇಳಿಜಾರಿನ ಕಪ್ಪು ಗೆರೆಗಳ ವಿಷಯವೂ ಹೀಗೆ ನಿಧಾನವಾಗಿ ಬಿಡಿಸಿಕೊಂಡದ್ದೇ. ಬೇಸಿಗೆಯಲ್ಲಿ ಉದ್ದವಾಗಿ ಚಳಿಗೆ ಮಾಸುವ ಇವನ್ನು 2011ರಲ್ಲಿ ವರದಿ ಮಾಡಿದಾಗ ಉಪ್ಪುನೀರು ಹರಿಯುತ್ತಿರಬಹುದು ಎನಿಸಿತ್ತು. 2017ರಲ್ಲಿ ಹೈರೈಸ್‌ನದೇ ಜೋಡಿ ಚಿತ್ರಗಳಿಂದ ಎತ್ತರ ತಗ್ಗು ಅಳೆದು ನೋಡಿದರು. ಗೆರೆಗಳು ಇರುವುದು 27 ಡಿಗ್ರಿಗಿಂತ ಕಡಿದಾದ ಕಡೆ ಮಾತ್ರ. ಅಂದರೆ ಒಣ ಮರಳು ಜಾರುವ ಇಳಿಜಾರು. ನೀರಾಗಿದ್ದರೆ ಕೆಳಗಿನ ಸಮನೆಲಕ್ಕೂ ಬರಬೇಕಿತ್ತು, ಅಲ್ವಾ?

ಬಣ್ಣದ ಬಗ್ಗೆ ಎಚ್ಚರ ಬೇಕು. ನೀಲಿ ಮರಳು ದಿಬ್ಬ ಕಂಡು ಮರುಳಾಗಬೇಡಿ. ಈ ಕ್ಯಾಮೆರಾ ನೀಲಿ-ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಡಿಯುತ್ತದೆ. ಸಾಮಾನ್ಯ ಬಣ್ಣದ ಚಿತ್ರದಲ್ಲಿ ಅವಕೆಂಪನ್ನು ಕೆಂಪಾಗಿ, ಕೆಂಪನ್ನು ಹಸಿರಾಗಿ, ನೀಲಿ-ಹಸಿರನ್ನು ನೀಲಿಯಾಗಿ ತೋರಿಸುತ್ತಾರೆ. ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲಿನ ಮರಳು ಹಾಗಾಗಿ ನೀಲಿಯಾಗುತ್ತದೆ. ಅಲ್ಲಿ ನಿಂತು ನೋಡಿದರೆ ಆ ನೀಲಿ ಇರುವುದಿಲ್ಲ. ಮಣ್ಣಿನ ವ್ಯತ್ಯಾಸ ಗುರುತಿಸಲು ಆ ಬಣ್ಣ ತುಂಬ ಉಪಯೋಗ.

ಮಿತಿಗಳನ್ನೂ ಹೇಳಬೇಕು. ಚಿತ್ರದ ಅಗಲ ಸುಮಾರು 6 ಕಿಲೋಮೀಟರ್, ಬಣ್ಣ ಇರುವುದು ನಡುವಿನ ಸುಮಾರು 1.2 ಕಿಲೋಮೀಟರ್ ಪಟ್ಟಿಯಲ್ಲಿ ಮಾತ್ರ. 2023ರ ಆಗಸ್ಟ್‌ನಿಂದ ನಡುವಿನ ಒಂದು ಸೆನ್ಸರ್ ಕೈಕೊಟ್ಟಿದೆ, ಹಾಗಾಗಿ ಅದರಿಂದೀಚಿನ ಚಿತ್ರಗಳಲ್ಲಿ ಬಣ್ಣದ ಪಟ್ಟಿ ಇನ್ನೂ ಕಿರಿದು. ಮಂಗಳದ ಬಹುಪಾಲು ನೆಲ ಈ ಕ್ಯಾಮೆರಾದ ಕಣ್ಣಿಗೆ ಬಿದ್ದೇ ಇಲ್ಲ. ಪೂರ್ತಿ ಅಳತೆಯ ಫೈಲುಗಳು ನೂರಾರು ಎಂಬಿ, ಜೆಪಿಇಜಿ 2000 ಎಂಬ ರೂಪದಲ್ಲಿ. ನನ್ನ ಹಳೆಯ ಫೋನು ಅದನ್ನು ತೆರೆಯಲೇ ಇಲ್ಲ. ಕಂಪ್ಯೂಟರ್‌ನಲ್ಲಿ ಅವರದೇ ಹೈವ್ಯೂ ಎಂಬ ಉಚಿತ ತಂತ್ರಾಂಶ ಹಾಕಿಕೊಂಡ ಮೇಲೆ ಸಲೀಸಾಯಿತು. ಸುತ್ತಲ ಜಾಗ ನೋಡಬೇಕೆಂದರೆ ಅದೇ ನೌಕೆಯ ಸಿಟಿಎಕ್ಸ್ ಕ್ಯಾಮೆರಾದ ಚಿತ್ರಗಳನ್ನು ಜೋಡಿಸಿ 2023ರಲ್ಲಿ ಬಿಟ್ಟ ಇಡೀ ಗ್ರಹದ ನಕ್ಷೆ ಇದೆ. ನಾನು ಮೊದಲು ಅಲ್ಲಿ ಜಾಗ ಹಿಡಿದು ಆಮೇಲೆ ಹೈರೈಸ್‌ಗೆ ಬರುತ್ತೇನೆ.

ಇನ್ನೊಂದು ಸೌಲಭ್ಯ ಹೈವಿಶ್. 2010ರಿಂದ ಇದೆ. ಇಲ್ಲಿಗೆ ಮಾತ್ರ ಖಾತೆ ಬೇಕು. ನಕ್ಷೆಯಲ್ಲಿ ಒಂದು ಜಾಗ ಗುರುತಿಸಿ, ಯಾಕೆ ಬೇಕೆಂದು ಬರೆದರೆ, ಅವರು ಒಪ್ಪಿದರೆ, ನೌಕೆ ಆ ಕಡೆ ಹಾದಾಗ ತೆಗೆಯುತ್ತಾರೆ. ಹೆಲ್ಲಾಸ್ ತಗ್ಗಿನ ಪಶ್ಚಿಮಕ್ಕಿರುವ ಒಂದು ಕುಳಿಯ ಮರಳು ದಿಬ್ಬಗಳನ್ನು ನಾನು ಕೇಳಿದ್ದೆ. ಕಾರಣ ಬರೆಯಲು ಎರಡು ಸಂಜೆ ಹಿಡಿಯಿತು. ಕೇಳುವವರ ಸಾಲು ದೊಡ್ಡದು, ಕ್ಯಾಮೆರಾ ಒಮ್ಮೆಗೆ ನೋಡುವ ನೆಲದ ಪಟ್ಟಿ ಕಿರಿದು, ಕಾಯಬೇಕು. ಒಂದು ವರ್ಷ ದಾಟಿದ ಮೇಲೆ ಚಿತ್ರ ಬಂತು. ಅರ್ಧಚಂದ್ರದಂಥ ದಿಬ್ಬಗಳು, ಕೊಂಬುಗಳೆಲ್ಲ ಒಂದೇ ಕಡೆಗೆ. ಗಾಳಿಯ ದಿಕ್ಕು ತಾನಾಗಿ ಕಾಣುತ್ತಿತ್ತು. ಅದನ್ನು ನನಗಿಂತ ಮೊದಲು ಯಾರೂ ಕೇಳಿರಲಿಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೊಸಬರು ಮೊದಲು ತೆರೆಯಬೇಕಾದದ್ದು ಪಿಎಸ್‌ಪಿ_007338_2640. 264ರಿಂದ 180 ಕಳೆದರೆ 84, ಉತ್ತರ ಧ್ರುವದ ಅಂಚು. 2008ರ ಫೆಬ್ರುವರಿ 19ರಂದು ತೆಗೆದದ್ದು. 700 ಮೀಟರ್ ಎತ್ತರದ, 60 ಡಿಗ್ರಿಗೂ ಕಡಿದಾದ ಗೋಡೆ. ಅದರ ಬುಡದಲ್ಲಿ ಮೋಡಗಳು. ಕ್ಯಾಮೆರಾ ಹಾಯುತ್ತಿದ್ದ ಅದೇ ಗಳಿಗೆಯಲ್ಲಿ ಹಿಮ ಮತ್ತು ದೂಳು ಕುಸಿದು ಬೀಳುತ್ತಿತ್ತು. ದೊಡ್ಡ ಮೋಡ ಸುಮಾರು 180 ಮೀಟರ್ ಅಗಲ. ಅಕ್ಕನ ಮಗನಿಗೆ ತೋರಿಸಿದೆ. ಅವನು ಮೊದಲು ಕೇಳಿದ್ದು "ಬೆಳಕು ಯಾವ ಕಡೆಯಿಂದ ಚಿಕ್ಕಮ್ಮ?" ಎಂದು. ಆಮೇಲೆ, "ಈಗಲೂ ಬೀಳ್ತಾ ಇದೆಯಾ?" ಹೌದು ಎಂದೆ. ಅಲ್ಲಿ ವಸಂತ ಬಂದಾಗಲೆಲ್ಲ ಹೈರೈಸ್ ಆ ಗೋಡೆಗಳ ಮೇಲೆ ಕಣ್ಣಿಡುತ್ತದೆ. ಆಮೇಲಿನ ವರ್ಷಗಳ ಕುಸಿತದ ಚಿತ್ರಗಳೂ ಅಲ್ಲೇ ಇವೆ. ಆ ರಾತ್ರಿ ಇಬ್ಬರೂ ಕೂತು ಅವನ್ನು ಒಂದೊಂದಾಗಿ ತೆರೆದೆವು.