ಸಕ್ಕರೆಯಿಲ್ಲದ ಗಂಜಿ: ಓಟ್ಸ್, ರಾಗಿ, ಜೋಳ, ನವಣೆ

ದಾವಣಗೆರೆಯಲ್ಲಿ ಹಸಿದವರಿಗೆ ತಿಂಡಿಯ ಕೊರತೆಯಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆಯಿದೆ, ಸಂಜೆ ಮಂಡಕ್ಕಿ ಮತ್ತು ಮಿರ್ಚಿಯಿದೆ. ಆದರೆ ಬೆಣ್ಣೆ, ಕರಿದ ಎಣ್ಣೆ, ಸಕ್ಕರೆ ಈ ಮೂರನ್ನೂ ಬಿಟ್ಟು, ಕಾಲು ಗಂಟೆಯೊಳಗೆ ಸಿದ್ಧವಾಗಿ, ಮಧ್ಯಾಹ್ನದ ಊಟದವರೆಗೆ ಹಸಿವು ತಡೆಯುವ ಆಹಾರ ಬೇಕೆಂದರೆ ಮನೆಯ ಒಲೆಯನ್ನೇ ನೆಚ್ಚಬೇಕಾಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇರುವುದರಿಂದ ಓಟ್ಸ್, ರಾಗಿ, ಜೋಳದ ನುಚ್ಚು ಮತ್ತು ನವಣೆಯ ಗಂಜಿಗಳನ್ನು ಒಂದಾದ ಮೇಲೊಂದರಂತೆ ಮಾಡಿ, ಉಂಡು, ಮತ್ತೆ ಮೊದಲಿನಿಂದ ಹೋಲಿಸಿ ನೋಡಿದ್ದೇನೆ. ನನಗೆ ಸ್ಪಷ್ಟವಾದ ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬೇಗ ಬೇಯುವ ಧಾನ್ಯವೆಂದು ಪ್ರತ್ಯೇಕವಾಗಿ ಯಾವುದೂ ಇಲ್ಲ; ಬೇಯಿಸುವ ಕೆಲಸದ ಬಹುಪಾಲನ್ನು ಕಾರ್ಖಾನೆಯೋ, ಹುರಿಯುವ ಭಟ್ಟಿಯೋ, ಹಿಂದಿನ ರಾತ್ರಿ ನಾವೋ ಮುಗಿಸಿರುತ್ತೇವೆ. ಆ ಕೆಲಸವನ್ನು ಯಾರು ಮಾಡಿದ್ದಾರೆ, ಮಾಡುವಾಗ ಜೊತೆಗೆ ಏನನ್ನು ಬೆರೆಸಿದ್ದಾರೆ ಎಂಬುದರ ಮೇಲೆಯೇ ಗಂಜಿಯ ಗುಣ ನಿಂತಿದೆ.

ಬೆರೆಸುವ ಮಾತು ಬಂದದ್ದರಿಂದ ಅಂಗಡಿಯ ಕಪಾಟಿನಿಂದಲೇ ಆರಂಭಿಸುತ್ತೇನೆ. ಸೂಪರ್ ಮಾರ್ಕೆಟ್‌ಗಳಲ್ಲಿ ರಾಗಿ ಮಾಲ್ಟ್, ಸಿರಿಧಾನ್ಯದ ಮಿಶ್ರಣ, ಹಣ್ಣಿನ ರುಚಿಯ ಓಟ್ಸ್ ಮುಂತಾದ ಹೆಸರುಗಳಲ್ಲಿ ದೊರೆಯುವ ಪೊಟ್ಟಣಗಳಲ್ಲಿ ಸಕ್ಕರೆ ಅಥವಾ ಬೆಲ್ಲದ ಪುಡಿ ಸೇರಿರುವುದೇ ಹೆಚ್ಚು. ಮುಂಭಾಗದ ಚಿತ್ರವನ್ನು ನೋಡಿ ಇದನ್ನು ತಿಳಿಯಲಾಗದು, ಹಿಂಭಾಗವನ್ನು ಓದಬೇಕು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಪೋಷಕಾಂಶಗಳ ಪಟ್ಟಿಯಲ್ಲಿ ಒಟ್ಟು ಸಕ್ಕರೆಯನ್ನೂ ಹೊರಗಿನಿಂದ ಸೇರಿಸಿದ ಸಕ್ಕರೆಯನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಹೀಗಾಗಿ ಪದಾರ್ಥಗಳ ಸಾಲಿನಲ್ಲಿ ಸಕ್ಕರೆ ಎರಡನೆಯ ಸ್ಥಾನದಲ್ಲಿದ್ದರೆ ಪ್ರಧಾನ ಧಾನ್ಯವೊಂದನ್ನು ಬಿಟ್ಟರೆ ಅದರಷ್ಟು ತೂಕ ಬೇರಾವುದಕ್ಕೂ ಇಲ್ಲವೆಂದು ತಿಳಿಯಬಹುದು. ಸಕ್ಕರೆ ಸೇರಿಸಿಲ್ಲವೆಂದು ದೊಡ್ಡಕ್ಷರದಲ್ಲಿ ಬರೆದಿದ್ದರೂ ಸಾಲಿನಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರಿದ್ದರೆ ನಾನು ಆ ಪೊಟ್ಟಣವನ್ನು ಮರಳಿ ಇಡುತ್ತೇನೆ, ಏಕೆಂದರೆ ಅದು ಸಿಹಿಯಾಗಿ ತೋರದಿದ್ದರೂ ರಕ್ತದಲ್ಲಿನ ಗ್ಲೂಕೋಸನ್ನು ವೇಗವಾಗಿ ಏರಿಸುವ ಪಿಷ್ಟದ ಪುಡಿ. ಎಲ್ಲಕ್ಕಿಂತ ಸುರಕ್ಷಿತವಾದದ್ದು ಒಂದೇ ಪದಾರ್ಥದ ಹೆಸರಿರುವ ಪೊಟ್ಟಣ, ಅಥವಾ ಮಂಡಿಪೇಟೆಯಂತಹ ಕಡೆಗಳಲ್ಲಿ ಕಣ್ಣಾರೆ ನೋಡಿ, ಕೈಯಲ್ಲಿ ಹಿಡಿದು, ತೂಗಿಸಿಕೊಂಡು ಬರುವ ಬಿಡಿ ಧಾನ್ಯ.

ಓಟ್ಸ್ ಸಕ್ಕರೆಯಿಲ್ಲದೆ ಎಲ್ಲ ಕಡೆಯೂ ಸಿಗುತ್ತದೆ ಎಂಬುದು ಅದರ ದೊಡ್ಡ ಅನುಕೂಲ. ಸಿಪ್ಪೆ ತೆಗೆದ ಕಾಳನ್ನು ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಚಪ್ಪಟೆ ಮಾಡಿ, ಒಣಗಿಸಿ ಕಳುಹಿಸಿರುವುದರಿಂದ ನಮ್ಮ ಒಲೆಯ ಮೇಲೆ ಅದಕ್ಕೆ ಹೆಚ್ಚು ಕೆಲಸ ಉಳಿದಿರುವುದಿಲ್ಲ. ದಪ್ಪ ಹಾಳೆಯ ರೋಲ್ಡ್ ಓಟ್ಸ್‌ಗೆ ಐದಾರು ನಿಮಿಷ ಸಾಕು. ಇನ್ನೂ ತೆಳ್ಳಗೆ ಒತ್ತಿದ ಇನ್‌ಸ್ಟಂಟ್ ಓಟ್ಸ್‌ಗೆ ಎರಡು ಮೂರು ನಿಮಿಷ. ಈ ಮೂರು ನಿಮಿಷದ ಉಳಿತಾಯಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ: ಅಂತರರಾಷ್ಟ್ರೀಯ ಕೋಷ್ಟಕಗಳಲ್ಲಿ ರೋಲ್ಡ್ ಓಟ್ಸ್ ಗಂಜಿಯ ಗ್ಲೈಸೆಮಿಕ್ ಸೂಚ್ಯಂಕ (ಆಹಾರ ರಕ್ತದ ಗ್ಲೂಕೋಸನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ) ಸುಮಾರು 55 ಇದ್ದರೆ ಇನ್‌ಸ್ಟಂಟ್ ಓಟ್ಸ್‌ನದು 79ರ ಆಸುಪಾಸಿನಲ್ಲಿದೆ. ಮಸಾಲಾ ಓಟ್ಸ್ ಖಾರವಾಗಿದ್ದರೂ ಹಲವು ಪೊಟ್ಟಣಗಳ ಪದಾರ್ಥಗಳ ಸಾಲಿನಲ್ಲಿ ಸಕ್ಕರೆ ಇರುತ್ತದೆ, ಉಪ್ಪಂತೂ ಧಾರಾಳವಾಗಿರುತ್ತದೆ. ನನ್ನ ಆಯ್ಕೆ ದಪ್ಪ ಹಾಳೆಯದೇ. ಒಂದು ಅಳತೆ ಓಟ್ಸ್‌ಗೆ ಎರಡೂವರೆ ಅಳತೆ ನೀರು ಹಾಕಿ ಕುದಿಸಿ, ಇಳಿಸುವ ಮುನ್ನ ಉಪ್ಪು, ಹಸಿಮೆಣಸು, ಕರಿಬೇವಿನ ಒಗ್ಗರಣೆ ಸೇರಿಸಿ, ಆರಿದ ಮೇಲೆ ಗಟ್ಟಿ ಮಜ್ಜಿಗೆ ಬೆರೆಸಿದರೆ ಉಣ್ಣಬಹುದಾದ ಗಂಜಿಯಾಗುತ್ತದೆ. ಅದರ ಲೋಳೆತನಕ್ಕೆ ಕಾರಣ ಬೀಟಾ ಗ್ಲುಕಾನ್ ಎಂಬ ನಾರು, ಕೊಲೆಸ್ಟರಾಲ್ ತಗ್ಗಿಸಲು ನೆರವಾಗುವುದೂ ಅದೇ. ದಿನಕ್ಕೆ ಮೂರು ಗ್ರಾಂ ಬೇಕೆನ್ನುತ್ತಾರೆ, ಅದಕ್ಕೆ ಎಪ್ಪತ್ತೈದು ಗ್ರಾಂನಷ್ಟು ಓಟ್ಸ್ ಉಣ್ಣಬೇಕು. ಆದರೂ ನಮ್ಮ ಮನೆಯ ಹಿರಿಯರು ಆ ಲೋಳೆಗೆ ಒಗ್ಗಿಕೊಳ್ಳಲೇ ಇಲ್ಲ. ಕೆ.ಜಿ. ಲೆಕ್ಕದಲ್ಲಿ ಅದು ರಾಗಿ ಹಿಟ್ಟಿಗಿಂತ ಎರಡು ಮೂರು ಪಟ್ಟು ದುಬಾರಿಯೂ ಹೌದು.

ರಾಗಿಯ ಸಂಗತಿ ಇದಕ್ಕೆ ತದ್ವಿರುದ್ಧ. ಅದರ ಹೊರಪದರ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಬಿಡಿಸುವುದು ಕಷ್ಟ, ಇಡಿಯಾಗಿಯೇ ಬೀಸುವುದು ರೂಢಿ. ಹಾಗಾಗಿ ಗಿರಣಿಯಿಂದ ಬರುವ ಸಾಮಾನ್ಯ ರಾಗಿ ಹಿಟ್ಟು ತಾನಾಗಿಯೇ ತವುಡುಸಹಿತವಾದ ಹಿಟ್ಟು. ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಅದರಲ್ಲಿದೆ, ಉಳಿದ ಧಾನ್ಯಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಹಸಿ ಹಿಟ್ಟಿನಿಂದ ಗಂಜಿ ಮಾಡುವಾಗ ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದೂವರೆ ಲೋಟ ನೀರಿಗೆ ಸುರಿದು, ಬಣ್ಣ ಗಾಢವಾಗಿ ಹೊಳಪು ಬರುವವರೆಗೆ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ತಿರುವಬೇಕು. ಬಿಸಿ ನೀರಿಗೆ ನೇರವಾಗಿ ಹಿಟ್ಟು ಹಾಕಿದರೆ ಹೊರಗಿನ ಪಿಷ್ಟ ಕೂಡಲೇ ಉಬ್ಬಿ ಒಳಗೆ ಒಣ ಹಿಟ್ಟನ್ನು ಮುಚ್ಚಿಕೊಳ್ಳುತ್ತದೆ, ಆಮೇಲೆ ಕಡೆಗೋಲಿನಿಂದಲೂ ಆ ಗಂಟುಗಳು ಒಡೆಯುವುದಿಲ್ಲ. ಗಂಜಿಯನ್ನು ಬೆಚ್ಚಗಾಗುವವರೆಗೆ ಆರಿಸಿದ ಮೇಲೆಯೇ ಮಜ್ಜಿಗೆ ಬೆರೆಸಬೇಕು, ಕುದಿಯುವಾಗ ಹಾಕಿದರೆ ಒಡೆಯುತ್ತದೆ.

ಇದೇ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿಟ್ಟು ಹುಳಿ ಬರಿಸಿ ಬೆಳಿಗ್ಗೆ ಕಾಯಿಸಿದರೆ ಅಂಬಲಿಯ ನಿಜವಾದ ರುಚಿ ಬರುತ್ತದೆ, ಆದರೆ ಏಪ್ರಿಲ್–ಮೇ ತಿಂಗಳ ನಮ್ಮ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ಹುಳಿ ಮಿತಿ ಮೀರುತ್ತದೆ. ಆಗ ಮಲಗುವ ಮುನ್ನ ಫ್ರಿಜ್ಜಿಗೆ ಸೇರಿಸುವುದು ಲೇಸು. ಮೊಳಕೆ ಬರಿಸಿ ಬೀಸಿದ ರಾಗಿ ಹಿಟ್ಟು ಇನ್ನೊಂದು ಬಗೆ. ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುವುದರಿಂದ ಗಂಜಿ ತೆಳುವಾಗುತ್ತದೆ, ಸಕ್ಕರೆ ಹಾಕದಿದ್ದರೂ ಸಣ್ಣ ಸಿಹಿ ಇರುತ್ತದೆ. ಮಕ್ಕಳಿಗೂ ಕಾಯಿಲೆಯಿಂದ ಎದ್ದವರಿಗೂ ಅದು ಒಳ್ಳೆಯದು. ಸಿಹಿಯನ್ನೇ ದೂರವಿಡಬೇಕೆಂದಿರುವ ನಮಗೆ ಅದು ಹೊಂದಲಿಲ್ಲ. ರಾಗಿ ಗಂಜಿಯ ಬಗ್ಗೆ ನನ್ನ ಒಂದು ತಕರಾರಿದೆ, ಅಭಿಮಾನಿಗಳು ಮುನಿಸಿಕೊಂಡರೂ ಹೇಳಲೇಬೇಕು: ನುಣ್ಣನೆಯ ಹಿಟ್ಟಿನ ತೆಳು ಗಂಜಿ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಎಂಟಕ್ಕೆ ಕುಡಿದರೆ ಹತ್ತೂವರೆಗೆ ಹಸಿವು ಮತ್ತೆ ಬಾಗಿಲು ತಟ್ಟುತ್ತದೆ. ಇದೇ ರಾಗಿ ಮುದ್ದೆಯಾದಾಗ ಹಾಗಾಗುವುದಿಲ್ಲ, ಏಕೆಂದರೆ ಅಲ್ಲಿ ಹಿಟ್ಟಿನ ಪ್ರಮಾಣವೂ ಗಟ್ಟಿತನವೂ ಬೇರೆ.

ಗಡಿಯಾರವೊಂದನ್ನೇ ನೋಡಿ ತೀರ್ಪು ಕೊಡುವುದಾದರೆ ಗೆಲ್ಲುವುದು ಹುರಿಹಿಟ್ಟು. ರಾಗಿಯನ್ನು ತೇವ ಮಾಡಿ, ಕಾದ ಮರಳಿನಲ್ಲಿ ಅರಳಿಸಿ, ಬೀಸಿದ ಹಿಟ್ಟು ಇದು. ದಾವಣಗೆರೆಯ ಭಟ್ಟಿಗಳಲ್ಲಿ ಮಂಡಕ್ಕಿ ಅರಳುವುದೂ ಬಿಸಿ ಮರಳಿನಲ್ಲೇ. ಧಾನ್ಯ ಅಲ್ಲಿಯೇ ಬೆಂದಿರುವುದರಿಂದ ಮನೆಯಲ್ಲಿ ಒಲೆ ಹೊತ್ತಿಸುವ ಅಗತ್ಯವೇ ಇಲ್ಲ. ಎರಡು ಮೂರು ಚಮಚ ಹಿಟ್ಟಿಗೆ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಹೆಚ್ಚಿದ ಈರುಳ್ಳಿ ಸೇರಿಸಿ ಕಲಸಿದರೆ ಒಂದೇ ನಿಮಿಷದಲ್ಲಿ ಊಟ ಸಿದ್ಧ. ಹುರಿದ ಪರಿಮಳ ಮಜ್ಜಿಗೆಯ ಹುಳಿಯೊಡನೆ ಚೆನ್ನಾಗಿ ಕೂಡುತ್ತದೆ, ಲೋಳೆಯ ಕಾಟವಿಲ್ಲ. ಆದರೆ ಬೆಲ್ಲ, ಕೊಬ್ಬರಿ, ಏಲಕ್ಕಿ ಬೆರೆಸಿದ ಸಿಹಿ ಹುರಿಹಿಟ್ಟೂ ಇದೇ ಹೆಸರಿನಲ್ಲಿ ಮಾರಾಟವಾಗುವುದರಿಂದ ಕೊಳ್ಳುವ ಮುನ್ನ ಕೇಳಬೇಕು, ಸಾಧ್ಯವಾದರೆ ಚಿಟಿಕೆಯಷ್ಟನ್ನು ನಾಲಿಗೆಯ ಮೇಲಿಟ್ಟು ನೋಡಬೇಕು. ನುಣ್ಣಗಿದ್ದು ಮೊದಲೇ ಬೆಂದಿರುವ ಹಿಟ್ಟಾದ್ದರಿಂದ ಇದೂ ಬೇಗ ಜೀರ್ಣವಾಗುತ್ತದೆ; ನಿತ್ಯದ ಊಟವಾಗಿ ಅಲ್ಲದೆ ತುರ್ತಿನ ಊಟವಾಗಿ ಇದನ್ನು ಇಟ್ಟುಕೊಂಡಿದ್ದೇನೆ.

ಜೋಳದ ನುಚ್ಚಿಗೆ ಬಂದಾಗ ನನ್ನ ಪಕ್ಷಪಾತ ಬಯಲಾಗುತ್ತದೆ. ಜಗಳೂರಿನಂತಹ ಒಣಭೂಮಿಯ ತಾಲ್ಲೂಕುಗಳಲ್ಲಿ ಬೆಳೆದವರಿಗೆ ನುಚ್ಚು ಮಜ್ಜಿಗೆಯ ಪರಿಚಯ ಹೇಳಬೇಕಾಗಿಲ್ಲ, ಆದರೆ ನಗರದ ಅಂಗಡಿಗಳಲ್ಲಿ ಒಳ್ಳೆಯ ನುಚ್ಚು ಸಿಗುವುದು ಅಪರೂಪವಾಗುತ್ತಿದೆ. ನಾನು ಬಿಳಿ ಜೋಳವನ್ನು ಕೊಂಡು, ತೊಳೆದು ಒಣಗಿಸಿ, ಬಡಾವಣೆಯ ಗಿರಣಿಗೆ ಒಯ್ಯುತ್ತೇನೆ. ಕಲ್ಲುಗಳ ನಡುವಿನ ಸಂದನ್ನು ಸಡಿಲಿಸಿ ತರಿತರಿಯಾಗಿ ಒಡೆದುಕೊಡಿ ಎಂದು ಸ್ಪಷ್ಟವಾಗಿ ಹೇಳಬೇಕು, ಮತ್ತು ನಮಗಿಂತ ಮೊದಲಿನ ಸರತಿಯವರು ಖಾರದ ಪುಡಿ ಮಾಡಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ಗಂಜಿಗೆ ಕೇಳದೆಯೇ ಮೆಣಸಿನಕಾಯಿ ಸೇರುತ್ತದೆ. ಮನೆಗೆ ತಂದು ಜರಡಿ ಹಿಡಿದರೆ ಮೇಲೆ ನುಚ್ಚು, ಕೆಳಗೆ ಹಿಟ್ಟು. ಹಿಟ್ಟು ರೊಟ್ಟಿಗೆ ಹೋಗುತ್ತದೆ.

ನುಚ್ಚಿಗೆ ಇರುವ ಒಂದೇ ಅಡ್ಡಿ ಸಮಯ. ನೆನೆಸದೆ ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಅರ್ಧ ಗಂಟೆಯೂ ಸಾಲದು, ಮೇಲಿಂದ ಮೇಲೆ ತಿರುವುತ್ತಿರಬೇಕು. ಇದಕ್ಕೆ ನಾನು ಕಂಡುಕೊಂಡಿರುವ ದಾರಿ ರಾತ್ರಿಯ ಕುಕ್ಕರ್. ಸಂಜೆ ನೆನೆಸಿದ ಒಂದು ಅಳತೆ ನುಚ್ಚನ್ನು ನಾಲ್ಕು ಅಳತೆ ನೀರು ಮತ್ತು ಉಪ್ಪಿನೊಡನೆ ನಾಲ್ಕು ಕೂಗು ಕೂಗಿಸಿ, ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಅದು ಗಟ್ಟಿಯಾಗಿ ಕುಳಿತಿರುತ್ತದೆ. ಬೇಕಾದಷ್ಟನ್ನು ಸೌಟಿನಿಂದ ಕಡಿದು, ಒಂದು ಲೋಟ ನೀರು ಹಾಕಿ ಕುದಿ ಬರುವವರೆಗೆ ಕಾಯಿಸಿ, ಸ್ವಲ್ಪ ಆರಿಸಿ ಮಜ್ಜಿಗೆ ಬೆರೆಸುವುದಕ್ಕೆ ಐದು ನಿಮಿಷ ಹಿಡಿಯುತ್ತದೆ. ಅಂದರೆ ರೋಲ್ಡ್ ಓಟ್ಸ್‌ಗಿಂತ ಹೆಚ್ಚಲ್ಲ. ಬೆಂದು ತಣಿದ ಪಿಷ್ಟದ ಒಂದು ಭಾಗ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ತರಿಯೂ ದೊಡ್ಡದಾಗಿರುವುದರಿಂದ ಹಸಿವು ನಿಧಾನವಾಗಿ ಮರಳುತ್ತದೆ. ನುಚ್ಚು ಉಂಡ ದಿನ ಮಧ್ಯಾಹ್ನ ಒಂದರವರೆಗೆ ಬೇರೇನೂ ಬೇಡವೆನಿಸುತ್ತದೆ ಎಂಬುದು ನನ್ನ ಅನುಭವ, ಸಕ್ಕರೆ ಪರೀಕ್ಷೆ ಮಾಡಿಕೊಳ್ಳುವವರ ಮೀಟರ್ ಕೂಡ ನಮ್ಮ ಮನೆಯಲ್ಲಿ ಇದಕ್ಕೆ ಒಲವು ತೋರಿದೆ. ಬೇರೆ ದೇಹಗಳಲ್ಲಿ ಅದು ಬೇರೆಯಾಗಬಹುದು, ಅವರವರೇ ಅಳೆದು ನೋಡಿಕೊಳ್ಳುವುದು ಸರಿ.

ನವಣೆ ಮತ್ತು ಸಾಮೆಗಳ ಪರವಾಗಿಯೂ ಹೇಳಬೇಕಾದದ್ದಿದೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಸಾಮೆಗೆ ಹೆಸರಾದ ತಾಲ್ಲೂಕು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿದ ನಂತರ ಈ ಧಾನ್ಯಗಳು ಮೊದಲು ಕಾಣದಿದ್ದ ಅಂಗಡಿಗಳಲ್ಲೂ ಕಾಣಿಸುತ್ತಿವೆ. ನವಣೆಯಲ್ಲಿ ನೂರು ಗ್ರಾಂಗೆ ಸುಮಾರು 12 ಗ್ರಾಂ ಪ್ರೊಟೀನ್ ಇದ್ದು, ಅಕ್ಕಿಯನ್ನು ಈ ವಿಷಯದಲ್ಲಿ ಸುಲಭವಾಗಿ ಹಿಂದಿಕ್ಕುತ್ತದೆ. ಕಾಳು ಚಿಕ್ಕದಾದ್ದರಿಂದ ಜೋಳಕ್ಕಿಂತ ಬೇಗ ಬೇಯುತ್ತದೆ: ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಕುಕ್ಕರಿನಲ್ಲಿ ಮೂರು ಕೂಗು, ಒತ್ತಡ ಇಳಿಯುವುದನ್ನೂ ಸೇರಿಸಿ ಹದಿನೈದು ನಿಮಿಷ. ರುಚಿ ಸೌಮ್ಯ, ಜೋಳದಷ್ಟು ಗಟ್ಟಿಯಲ್ಲ, ಅಕ್ಕಿ ಗಂಜಿಗೆ ಒಗ್ಗಿದವರು ತಕರಾರಿಲ್ಲದೆ ಉಣ್ಣುತ್ತಾರೆ. ರಾಗಿಯಂತಲ್ಲದೆ ಇವುಗಳ ಹೊಟ್ಟನ್ನು ತೆಗೆಯಲೇಬೇಕು. ಹೊಟ್ಟಿನ ಜೊತೆಗೆ ತವುಡನ್ನೂ ಉಜ್ಜಿ ಬಿಳಿಚಿಸಿದ ನವಣೆಯೇ ಮಾರುಕಟ್ಟೆಯಲ್ಲಿ ಹೆಚ್ಚಾಗಿರುವುದು ಬೇಸರದ ಸಂಗತಿ. ಮಾಸಲು ಹಳದಿ ಬಣ್ಣದ, ಕೈಯಲ್ಲಿ ಉಜ್ಜಿದರೆ ಸ್ವಲ್ಪ ಪುಡಿ ಅಂಟುವ ಕಾಳನ್ನು ಆರಿಸಿಕೊಂಡರೆ ತವುಡು ಉಳಿದಿರುವ ಸಾಧ್ಯತೆ ಹೆಚ್ಚು. ಅಂಥದ್ದು ಬೇಗ ಮುಗ್ಗುವುದರಿಂದ ಒಂದು ಕೆ.ಜಿ.ಗಿಂತ ಹೆಚ್ಚು ತರಬಾರದು.

ಗೋಧಿ ನುಚ್ಚು ಸುಲಭವಾಗಿ ಸಿಗುತ್ತದೆ, ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ಆದರೆ ಮಜ್ಜಿಗೆಯೊಡನೆ ಅದರ ಜೋಡಿ ನನಗೆ ಹಿಡಿಸಲಿಲ್ಲ. ಉಪ್ಪಿಟ್ಟಿಗೆ ಅದು ಸರಿ. ಸಜ್ಜೆ ಹಿಟ್ಟಿನ ಗಂಜಿಗೆ ಒಳ್ಳೆಯ ರುಚಿಯಿದೆ, ಆದರೆ ಬೀಸಿದ ಕೆಲವೇ ದಿನಗಳಲ್ಲಿ ಅದರ ಕೊಬ್ಬು ಕೆಟ್ಟು ಹಿಟ್ಟು ಕಹಿಯಾಗುವುದರಿಂದ ಅವಸರದ ಅಡುಗೆಗೆ ಅದನ್ನು ನಂಬಿ ಕೂರುವಂತಿಲ್ಲ.

ಸಿಹಿಯಿಲ್ಲದ ಗಂಜಿ ಸಪ್ಪೆಯೆಂದು ದೂರುವವರು ಪಕ್ಕದ ಪದಾರ್ಥವನ್ನು ಮರೆತಿರುತ್ತಾರೆ. ಜೋಳದ ನುಚ್ಚಿಗೆ ಶೇಂಗಾ ಚಟ್ನಿಪುಡಿಗಿಂತ ಹೊಂದುವುದು ಬೇರೊಂದಿಲ್ಲ, ಚಳ್ಳಕೆರೆಯ ಕಡೆಯ ಶೇಂಗಾ ಸಿಕ್ಕರೆ ಇನ್ನೂ ಒಳ್ಳೆಯದು. ನವಣೆಗೆ ಗುರೆಳ್ಳು ಪುಡಿ, ರಾಗಿಗೆ ಹಸಿ ಈರುಳ್ಳಿ ಮತ್ತು ಉಪ್ಪಿನಕಾಯಿಯ ರಸ, ಓಟ್ಸ್‌ಗೆ ಮಾತ್ರ ಒಗ್ಗರಣೆ ಬೇಕೇ ಬೇಕು. ಶೇಂಗಾದ ಪ್ರೊಟೀನ್ ಮತ್ತು ಕೊಬ್ಬು ಗಂಜಿಯ ಪಿಷ್ಟದ ಜೀರ್ಣವನ್ನು ನಿಧಾನಗೊಳಿಸುತ್ತವೆ ಎಂಬುದು ಹೆಚ್ಚಿನ ಲಾಭ. ಚಟ್ನಿಪುಡಿ ಮತ್ತು ಉಪ್ಪಿನಕಾಯಿಗಳಲ್ಲಿ ಉಪ್ಪು ಸಾಕಷ್ಟಿರುವುದರಿಂದ ಅವನ್ನು ಬಡಿಸುವ ದಿನ ಗಂಜಿ ಬೇಯಿಸುವಾಗಲೇ ಉಪ್ಪನ್ನು ಅರ್ಧಕ್ಕೆ ಇಳಿಸುತ್ತೇನೆ.

ಈಗ ನಮ್ಮ ಮನೆಯಲ್ಲಿ ವಾರದ ಬಹುಪಾಲು ಬೆಳಗುಗಳು ಜೋಳದ ನುಚ್ಚಿನವು, ರಾತ್ರಿ ಕುಕ್ಕರ್ ಇಡಲು ಮರೆತ ದಿನ ದಪ್ಪ ಹಾಳೆಯ ಓಟ್ಸ್, ಅತಿಥಿಗಳಿದ್ದರೆ ನವಣೆ. ಬೆಂಗಳೂರಿನ ಬಸ್ಸು ಹಿಡಿಯಬೇಕಾದ ದಿನ ಸಣ್ಣ ಡಬ್ಬಿಯಲ್ಲಿ ಉಪ್ಪು ಜೀರಿಗೆ ಬೆರೆಸಿದ ಹುರಿಹಿಟ್ಟನ್ನು ಒಯ್ಯುತ್ತೇನೆ, ಮಜ್ಜಿಗೆಯ ಪೊಟ್ಟಣ ದಾರಿಯಲ್ಲಿ ಸಿಗುತ್ತದೆ. ಅದರಲ್ಲೂ ಸಕ್ಕರೆ ಸೇರಿಲ್ಲವೆಂದು ಓದಿ ಕೊಳ್ಳಬೇಕಷ್ಟೆ.